ಬರೆದಿಡದ ಪಠ್ಯಕ್ರಮ: ಹೊರದೇಶದ ವಿದ್ಯಾರ್ಥಿಗಳಿರುವ ತರಗತಿಗೆ ಪಾಠ ಹೊಂದಿಸುವುದು

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಸಂಖ್ಯಾಶಾಸ್ತ್ರದ ಮೊದಲ ಸೆಮಿಸ್ಟರ್‌ನಲ್ಲಿ ಸಾಮಾನ್ಯವಾಗಿ ಬರುವಂಥದ್ದು: 'ಚೆನ್ನಾಗಿ ಕಲೆಸಿದ ಇಸ್ಪೀಟ್ ಕಟ್ಟಿನಿಂದ ಎರಡು ಎಲೆ ತೆಗೆದರೆ ಎರಡೂ ರಾಜ ಆಗಿರುವ ಸಂಭವನೀಯತೆ ಎಷ್ಟು?' ಉತ್ತರ 1/221. ಇದರಲ್ಲಿ ತೊಡಕೇನಿದೆ ಅನ್ನಿಸಬಹುದು. ಆದರೆ ಕಟ್ಟಿನಲ್ಲಿ 52 ಎಲೆ, ಅವುಗಳಲ್ಲಿ ನಾಲ್ಕು ರಾಜ ಅನ್ನುವುದು ಪ್ರಶ್ನೆಯಲ್ಲಿ ಎಲ್ಲೂ ಇಲ್ಲ. ಸ್ಪೇನ್‌ನ ಸಾಂಪ್ರದಾಯಿಕ ಕಟ್ಟಿನಲ್ಲಿ ಸಾಮಾನ್ಯವಾಗಿ ಬಳಸುವುದು 40 ಎಲೆ. ಅದರಲ್ಲೂ ರಾಜ ನಾಲ್ಕೇ. ಆ ಕಟ್ಟಿನಲ್ಲಿ ಆಡಿ ಬೆಳೆದ ವಿದ್ಯಾರ್ಥಿ ನೀವು ಕಲಿಸಿದ ಸೂತ್ರವನ್ನು ಸರಿಯಾಗಿಯೇ ಹಾಕಿ 1/130 ಅಂತ ಬರೆಯುತ್ತಾನೆ. ನೀವು ಸೊನ್ನೆ ಕೊಡುತ್ತೀರಿ. ಇಸ್ಪೀಟನ್ನೇ ಮುಟ್ಟದವನು ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುತ್ತಾನೆ. ಅವನಿಗೆ ಸಂಭವನೀಯತೆ ಬರುವುದಿಲ್ಲ ಅಂತ ನೀವು ತೀರ್ಮಾನಿಸುತ್ತೀರಿ.

ಈಗ ಅದೇ ಪ್ರಶ್ನೆಗೆ ಒಂದು ಸಾಲು ಸೇರಿಸಿ: 'ಕಟ್ಟಿನಲ್ಲಿ 52 ಎಲೆಗಳಿವೆ, ಅವುಗಳಲ್ಲಿ ನಾಲ್ಕು ರಾಜ.' ಗಣಿತ ಒಂದಿಷ್ಟೂ ಸುಲಭವಾಗಲಿಲ್ಲ. ಮೊದಲ ಎಲೆ ತೆಗೆದ ಮೇಲೆ ಉಳಿಯುವುದು 51 ಅನ್ನುವುದನ್ನು ವಿದ್ಯಾರ್ಥಿಯೇ ಗಮನಿಸಬೇಕು. ನೀವು ಅಳೆಯಬೇಕೆಂದಿದ್ದುದು ಅದನ್ನೇ ತಾನೇ? ಈಗ ಅದನ್ನು ಮಾತ್ರ ಅಳೆಯುತ್ತಿದ್ದೀರಿ.

ಹೊರದೇಶದ ವಿದ್ಯಾರ್ಥಿಗಳಿಗಾಗಿ ಪಾಠ ಹೊಂದಿಸಿ ಅಂದ ಕೂಡಲೇ 'ಮಟ್ಟ ಇಳಿಸಬೇಕಾ?' ಅನ್ನುವ ಆಕ್ಷೇಪ ಏಳುತ್ತದೆ. ಆಕ್ಷೇಪ ನ್ಯಾಯವಾದದ್ದೇ. ಉತ್ತರ ಈ ಇಸ್ಪೀಟ್ ಪ್ರಶ್ನೆಯಲ್ಲಿದೆ. ಪ್ರತಿ ಕೋರ್ಸಿನಲ್ಲೂ ಎರಡು ಪಠ್ಯಕ್ರಮಗಳಿರುತ್ತವೆ. ಒಂದು ಮುದ್ರಿಸಿ ಹಂಚುವ ಸಿಲಬಸ್. ಇನ್ನೊಂದನ್ನು ಯಾರೂ ಎಲ್ಲೂ ಬರೆದಿಲ್ಲ, 'ಇಷ್ಟು ಗೊತ್ತೇ ಇರುತ್ತದೆ' ಅಂತ ನಾವು ನಂಬಿಕೊಂಡಿರುವುದೆಲ್ಲ ಅದರಲ್ಲಿರುತ್ತದೆ. ನಮ್ಮ ಕೆಲಸ ಎರಡನೆಯದನ್ನು ಹೊರಗೆಳೆದು ಬರೆಯುವುದು, ಬೇಡದ್ದನ್ನು ಕಿತ್ತುಹಾಕುವುದು. ಮೊದಲನೆಯದನ್ನು ಮುಟ್ಟಬೇಕಾಗಿಲ್ಲ. ಶಿಕ್ಷಣತಜ್ಞ ಜಾನ್ ಬಿಗ್ಸ್ 1996ರಲ್ಲಿ ವಿವರಿಸಿದ ವಿಧಾನ ಇಲ್ಲಿ ನೆರವಿಗೆ ಬರುತ್ತದೆ: ಕಲಿಕೆಯ ಗುರಿ, ತರಗತಿಯ ಚಟುವಟಿಕೆ, ಪರೀಕ್ಷೆ ಮೂರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನಲ್ಲಿ ಇಲ್ಲದ್ದಕ್ಕೆ ಮಾರ್ಕ್ಸ್ ಹೋಗುತ್ತಿದ್ದರೆ ಅದು ಸೋರಿಕೆ.

ಭಾಷೆಯ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಅಲ್ಲಿಗೇ. ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಇಷ್ಟು ಬ್ಯಾಂಡ್ ಬಂದಿದೆ, ಒಳಗೆ ಬಂದಿದ್ದಾರೆ, ಅಲ್ಲಿಗೆ ಭಾಷೆಯ ಪ್ರಶ್ನೆ ಮುಗಿಯಿತು ಅಂದುಕೊಳ್ಳುತ್ತೇವೆ. ಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲಿ ಒಂದು ವ್ಯತ್ಯಾಸ ತೋರಿಸಿದರು: ಮಾತುಕತೆಯ ಭಾಷೆ ಬೇರೆ, ಓದು ಬರಹದ ಶೈಕ್ಷಣಿಕ ಭಾಷೆ ಬೇರೆ. ಶಾಲಾಮಕ್ಕಳ ಮೇಲಿನ ಅಧ್ಯಯನಗಳಲ್ಲಿ ಮೊದಲನೆಯದಕ್ಕೆ ಸುಮಾರು ಎರಡು ವರ್ಷ ಸಾಕಾದರೆ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾಗಿತ್ತು. ವಯಸ್ಕರಿಗೆ ಈ ಲೆಕ್ಕವನ್ನು ಹಾಗೇ ಹಚ್ಚಲಾಗದು, ಆದರೆ ಅಂತರ ಇರುವುದಂತೂ ನಿಜ. ಕಾರಿಡಾರಿನಲ್ಲಿ ಸರಾಗವಾಗಿ ಹರಟುವ ಹುಡುಗಿಯ ಅಸೈನ್‌ಮೆಂಟ್ ಮೂರು ಸಾಲಿಗೆ ನಿಂತುಬಿಟ್ಟರೆ ಅದು ಸೋಮಾರಿತನ ಅಂತ ನಾವು ಓದಿಕೊಳ್ಳುವುದು ಇದೇ ತಪ್ಪಿನಿಂದ.

ಇನ್ನೊಂದು ಅನಿರೀಕ್ಷಿತ ಸಂಗತಿ: ಪಾರಿಭಾಷಿಕ ಪದಗಳು ಇವರಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. 'ಎಂಟ್ರೊಪಿ' ತರಗತಿಯ ಎಲ್ಲರಿಗೂ ಹೊಸದೇ, ಅದನ್ನು ನೀವು ನಿಂತು ವಿವರಿಸುತ್ತೀರಿ. ಕಷ್ಟ ಇರುವುದು ದಿನಬಳಕೆಯವೂ ಅಲ್ಲದ, ಪಾರಿಭಾಷಿಕವೂ ಅಲ್ಲದ ನಡುವಿನ ಪದಗಳಲ್ಲಿ. ಭಾಷಾ ಸಂಶೋಧಕಿ ಆವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಇಂಗ್ಲಿಷ್‌ನ ಅಂಥ 570 ಪದಕುಟುಂಬಗಳ ಪಟ್ಟಿ ಪ್ರಕಟಿಸಿದರು. ಯಾವುದೇ ವಿಷಯದ ಶೈಕ್ಷಣಿಕ ಪಠ್ಯ ತೆಗೆದುಕೊಂಡರೂ ಸುಮಾರು ನೂರಕ್ಕೆ ಹತ್ತು ಪದ ಈ ಪಟ್ಟಿಯವು. ಅನುಮಾನಿಸು, ಪೂರ್ವಗ್ರಹೀತ, ಅನುಪಾತ ಇಂಥವನ್ನು ಯಾರೂ ಕಲಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಇನ್ನೂ ಕೆಟ್ಟದ್ದು ಎರಡು ವೇಷದ ಪದಗಳು. ಭೌತವಿಜ್ಞಾನದಲ್ಲಿ 'ಕೆಲಸ' ಅಂದರೆ ಬೇರೆ, ಸಂಖ್ಯಾಶಾಸ್ತ್ರದಲ್ಲಿ 'ಮಹತ್ವದ ವ್ಯತ್ಯಾಸ' ಅಂದರೆ ಬೇರೆ. ನಿಘಂಟು ನೋಡಿದರೆ ದಿನಬಳಕೆಯ ಅರ್ಥ ಸಿಗುತ್ತದೆ, ವಾಕ್ಯಕ್ಕೆ ಅದು ಹೊಂದಿದಂತೆಯೂ ಕಾಣುತ್ತದೆ. ಅಲ್ಲಿಗೆ ತಪ್ಪು ಗಟ್ಟಿಯಾಗುತ್ತದೆ. ಪ್ರತಿ ಘಟಕಕ್ಕೆ ಒಂದು ಪುಟದ ಪದಪಟ್ಟಿ ಮಾಡುವುದಾದರೆ ಪಾರಿಭಾಷಿಕ ಪದ ಹತ್ತಿದ್ದರೆ ಇಂಥವು ಹದಿನೈದಿರಲಿ.

ತರಗತಿಯಲ್ಲಿ ನಿಧಾನವಾಗಿ ಮಾತಾಡಿ ಅನ್ನುವ ಸಲಹೆ ನೀವು ಕೇಳಿರುತ್ತೀರಿ. ಅರ್ಧ ಸರಿ. ಒಂದೊಂದು ಪದವನ್ನೂ ಎಳೆದು ಎಳೆದು ಹೇಳಿದರೆ ವಾಕ್ಯದ ಲಯ ಮುರಿಯುತ್ತದೆ, ಯಾವ ಪದ ಯಾವುದಕ್ಕೆ ಸೇರಿದ್ದು ಅಂತ ಗೊತ್ತಾಗದೆ ಕೇಳುವುದು ಇನ್ನೂ ಕಷ್ಟವಾಗುತ್ತದೆ. ವೇಗ ಸಹಜವಾಗಿಯೇ ಇರಲಿ. ವಾಕ್ಯ ಮುಗಿದಾಗ ನಿಲ್ಲಿ, ಹೊಸ ಸ್ಲೈಡ್ ಹಾಕಿದಾಗ ಹದಿನೈದು ಇಪ್ಪತ್ತು ಸೆಕೆಂಡ್ ಬಾಯಿ ಮುಚ್ಚಿಕೊಳ್ಳಿ. ಓದುವುದು, ಕೇಳುವುದು, ಬರೆದುಕೊಳ್ಳುವುದು ಮೂರನ್ನೂ ಎರಡನೇ ಭಾಷೆಯಲ್ಲಿ ಏಕಕಾಲಕ್ಕೆ ಮಾಡಲು ಆಗುವುದಿಲ್ಲ. ಸ್ಲೈಡ್‌ಗಳನ್ನು ಹಿಂದಿನ ದಿನವೇ ಹಾಕಿಬಿಟ್ಟರೆ ಪದಗಳನ್ನು ಮನೆಯಲ್ಲೇ ನೋಡಿಕೊಂಡು ಬರುತ್ತಾರೆ. ಸಂಖ್ಯೆ, ಇಸವಿ, ವ್ಯಕ್ತಿಗಳ ಹೆಸರು ಇವನ್ನು ಬೋರ್ಡಿನ ಮೇಲೆ ಬರೆಯಲೇಬೇಕು, ಏಕೆಂದರೆ ಇವನ್ನು ಸಂದರ್ಭದಿಂದ ಊಹಿಸಿಕೊಳ್ಳಲು ಬರುವುದಿಲ್ಲ.

ಒಂದು ಪರಿಕಲ್ಪನೆಗೆ ಒಂದೇ ಹೆಸರು ಇಟ್ಟುಕೊಳ್ಳಿ. 'ಬೆಲೆ', 'ದರ', 'ಮೌಲ್ಯ' ಅಂತ ಒಂದೇ ವಸ್ತುವಿಗೆ ಮೂರು ಪದ ಬದಲಿಸಿದರೆ ನಿಮಗದು ಮಾತಿನ ಸೊಗಸು. ಅವರಿಗೆ ಮೂರು ಬೇರೆ ಬೇರೆ ವಸ್ತು. ಇನ್ನು ನುಡಿಗಟ್ಟುಗಳು. 'ಹೆಚ್ಚು ಉಷ್ಣತೆಯಲ್ಲಿ ಈ ಸಮೀಕರಣ ಕೈ ಕೊಡುತ್ತದೆ' ಅಂತ ಒಬ್ಬರು ಪಾಠ ಮಾಡಿದರೆನ್ನಿ. ಕೈ ಗೊತ್ತು, ಕೊಡುವುದು ಗೊತ್ತು. ಕೈ ಕೊಡುವುದೆಂದರೆ ಸಹಾಯ ಮಾಡುವುದು ಅಂತಲೇ ಕಲಿಯುವವರು ಲೆಕ್ಕ ಹಾಕುತ್ತಾರೆ. ಅಂದರೆ ನೀವು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ. ಯಾವ ಭಾಷೆಯಲ್ಲಿ ಪಾಠ ಮಾಡಿದರೂ ಇಂಥವು ನಾಲಿಗೆ ಮೇಲೆ ಬಂದೇ ಬರುತ್ತವೆ. ತಡೆಯಬೇಕಾಗಿಲ್ಲ, ಹಿಂದೆಯೇ ಸಾದಾ ಮಾತಿನಲ್ಲಿ ಇನ್ನೊಮ್ಮೆ ಹೇಳಿ: 'ಅಂದರೆ ಇಲ್ಲಿ ಸಮೀಕರಣ ಸರಿಯಾದ ಉತ್ತರ ಕೊಡುವುದಿಲ್ಲ.'

'ಅರ್ಥ ಆಯ್ತಾ?' ಅನ್ನುವ ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದಕ್ಕೆ ಬರುವ ಉತ್ತರ ಯಾವಾಗಲೂ 'ಹೂಂ'. ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಎಷ್ಟು ಹೊತ್ತು ಕಾಯುತ್ತಾರೆ ಅಂತ ವಿಜ್ಞಾನ ಶಿಕ್ಷಣದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದು ನೋಡಿದ್ದರು. ಸುಮಾರು ಒಂದು ಸೆಕೆಂಡ್! ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ಅದೂ ಶಾಲೆಯ ವಿಜ್ಞಾನದ ತರಗತಿಗಳಲ್ಲಿ. ಪ್ರಶ್ನೆಯನ್ನು ಮನಸ್ಸಿನಲ್ಲೇ ಅನುವಾದಿಸಿ, ಉತ್ತರ ಯೋಚಿಸಿ, ಮತ್ತೆ ಅನುವಾದಿಸಿ ಹೇಳಬೇಕಾದವರಿಗೆ ಮೂರು ಸೆಕೆಂಡೂ ಸಾಲದು. ಪ್ರಶ್ನೆಯನ್ನು ಪರದೆ ಮೇಲೆ ಹಾಕಿ, ಒಂದು ನಿಮಿಷ ಬರೆದುಕೊಳ್ಳಲಿ, ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಕೇಳಿ. ಬರೆದದ್ದನ್ನು ಓದುವುದು ಯಾರಿಗೂ ಹೆದರಿಕೆಯ ಕೆಲಸವಲ್ಲ. ಕೆಲವು ದೇಶಗಳ ವಿದ್ಯಾರ್ಥಿಗಳು ಸ್ವಭಾವದಿಂದಲೇ ಮೌನಿಗಳು ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ಆಗಾಗ ಕೇಳಿಬರುತ್ತದೆ. ಈ ಮೂರು ನಿಮಿಷ ಕೊಟ್ಟು ನೋಡುವ ತನಕ ಆ ಮಾತನ್ನು ಆಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಹಿಂದಿನ ಕಲಿಕೆ ಇನ್ನೊಂದು ಗುಂಡಿ. ಎಲ್ಲರೂ ಪದವಿ ಪೂರ್ವ ಗಣಿತ ಮುಗಿಸಿಯೇ ಬಂದಿರುತ್ತಾರೆ, ಆದರೆ ಗುರುತುಗಳು ಬೇರೆ. ಯುರೋಪಿನ ಬಹುಭಾಗದಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಹಾಗಾಗಿ 1,234 ಅಂದರೆ ಒಬ್ಬರಿಗೆ ಸಾವಿರದ ಚಿಲ್ಲರೆ, ಇನ್ನೊಬ್ಬರಿಗೆ ಒಂದು ಚಿಲ್ಲರೆ. 03/04 ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಅನ್ನುವ ಗೊಂದಲದಲ್ಲಿ ಅಸೈನ್‌ಮೆಂಟಿನ ಗಡುವೇ ತಪ್ಪುತ್ತದೆ, ಆದ್ದರಿಂದ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ಇಂಗ್ಲಿಷ್‌ನಲ್ಲಿ ಈಗ ಬಿಲಿಯನ್ ಅಂದರೆ ನೂರು ಕೋಟಿ, ಜರ್ಮನ್ ಮತ್ತು ಸ್ಪ್ಯಾನಿಷ್‌ನಲ್ಲಿ ಅದೇ ಮೂಲದ ಪದ ಲಕ್ಷ ಕೋಟಿ. ಸಹಜ ಸಂಖ್ಯೆಗಳು ಸೊನ್ನೆಯಿಂದ ಶುರುವೋ ಒಂದರಿಂದಲೋ, ಅದರಲ್ಲೂ ಒಮ್ಮತವಿಲ್ಲ. ಲೆಕ್ಕಶಾಸ್ತ್ರದವರು ಗಮನಿಸಿ: ಕೊನೆಗೆ ಬಂದ ಸರಕು ಮೊದಲು ಹೋಯಿತೆಂದು ಲೆಕ್ಕ ಹಿಡಿಯುವ ಲಿಫೊ ಪದ್ಧತಿ ಅಮೆರಿಕದ ನಿಯಮಗಳಲ್ಲಿ ಒಪ್ಪಿತ, ಐಎಫ್‌ಆರ್‌ಎಸ್ ಎಂಬ ಅಂತಾರಾಷ್ಟ್ರೀಯ ಲೆಕ್ಕಪತ್ರ ನಿಯಮಗಳಲ್ಲಿ ನಿಷಿದ್ಧ. ಕಾನೂನಿನಲ್ಲಂತೂ ಸಂಹಿತೆ ಆಧಾರಿತ ವ್ಯವಸ್ಥೆಯಿಂದ ಬಂದವರಿಗೆ ಹಿಂದಿನ ತೀರ್ಪು ಮುಂದಿನ ನ್ಯಾಯಾಲಯವನ್ನು ಕಟ್ಟಿಹಾಕುತ್ತದೆ ಅನ್ನುವುದೇ ಹೊಸ ವಿಚಾರ. ಅದನ್ನು ಬಿಟ್ಟು ನೇರ ಮೊದಲ ಪ್ರಕರಣಕ್ಕೆ ಹಾರಿದರೆ ಆರು ವಾರ ಕಳೆದರೂ ತಳಹದಿ ಇರುವುದಿಲ್ಲ.

ಮೊದಲ ವಾರದಲ್ಲೇ 20 ನಿಮಿಷದ, ಮಾರ್ಕ್ಸ್ ಇಲ್ಲದ ಹತ್ತು ಪ್ರಶ್ನೆಗಳನ್ನು ಕೊಡಿ. ಎಂಟು ಹಿಂದಿನ ಕಲಿಕೆಯ ಬಗ್ಗೆ, ಎರಡು ಕೆಲಸದ ರೀತಿಯ ಬಗ್ಗೆ: 'ಇದುವರೆಗೆ ಬರೆದ ಅತಿ ಉದ್ದದ ಪ್ರಬಂಧ ಎಷ್ಟು ಪದದ್ದು?', 'ಲ್ಯಾಬಿನಲ್ಲಿ ಸ್ವತಃ ಯಾವ ಉಪಕರಣ ಬಳಸಿದ್ದೀರಿ?' ಉತ್ತರಗಳನ್ನು ದೇಶವಾರು ಜೋಡಿಸಬೇಡಿ, ಪ್ರಶ್ನೆವಾರು ಜೋಡಿಸಿ. ಆಗ ಗೊತ್ತಾಗುವುದೇನೆಂದರೆ, ಊರಿನ ವಿದ್ಯಾರ್ಥಿಗಳಲ್ಲೂ ಎಷ್ಟೋ ಜನರಿಗೆ ಅದೇ ಗುಂಡಿ ಇದೆ. ಇಲ್ಲಿ ಮಾಡುವ ರಿಪೇರಿಯ ಲಾಭ ತರಗತಿಗೆಲ್ಲ ಹೋಗುತ್ತದೆ.

ಓದಿನ ಹೊರೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿ. ಯುರೋಪಿನ ವಿಶ್ವವಿದ್ಯಾಲಯಗಳು ಕಲಿಕೆಯ ಹೊರೆ ಅಳೆಯಲು ಬಳಸುವ ಇಸಿಟಿಎಸ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ ಅಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆ ದುಡಿಮೆ. ಆ ಗಂಟೆ ಯಾರ ಗಂಟೆ? 30 ಪುಟದ ಒಂದು ಲೇಖನ ಸುಮಾರು 12,000 ಪದ. ನಿಮಿಷಕ್ಕೆ 240 ಪದ ಓದುವವರಿಗೆ 50 ನಿಮಿಷ, ಅರ್ಧ ವೇಗದವರಿಗೆ 100 ನಿಮಿಷ, ನಿಘಂಟು ತೆರೆದಷ್ಟೂ ಹೆಚ್ಚು. ವಾರಕ್ಕೆ ಐದು ಲೇಖನವಾದರೆ ಅರ್ಧ ವೇಗದವರಿಗೆ ಬರೀ ಓದಿಗೆ ಎಂಟು ಗಂಟೆ ಮೀರುತ್ತದೆ, ಅದೂ ಒಂದೇ ಕೋರ್ಸಿಗೆ. ಲೇಖನ ಕಡಿಮೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಯಾವುದು ಓದಲೇಬೇಕು, ಯಾವುದನ್ನು ಕಣ್ಣಾಡಿಸಿದರೆ ಸಾಕು, ಯಾವ ಪುಟದಿಂದ ಯಾವ ಪುಟ, ಓದುವಾಗ ಹುಡುಕಬೇಕಾದ ಎರಡು ಪ್ರಶ್ನೆ ಯಾವುವು, ಇಷ್ಟನ್ನು ಪಟ್ಟಿಯ ಪಕ್ಕ ಬರೆಯಿರಿ. ಅನುಭವಿ ಓದುಗ ತಾನಾಗಿಯೇ ಹಾಗೆ ಆಯ್ದು ಓದುತ್ತಾನೆ, ಹೊಸಬ ಮೊದಲ ಪುಟದ ಮೊದಲ ಅಕ್ಷರದಿಂದ ಶುರು ಮಾಡಿ ಹನ್ನೆರಡನೇ ಪುಟದಲ್ಲಿ ನಿದ್ದೆ ಹೋಗುತ್ತಾನೆ.

ಪಠ್ಯದ ವಸ್ತುವನ್ನೇ ಅಂತಾರಾಷ್ಟ್ರೀಯ ಮಾಡುವ ಬಗ್ಗೆ ಎರಡೇ ಮಾತು. ಕೊನೆಯ ವಾರಕ್ಕೆ 'ಜಾಗತಿಕ ನೋಟ' ಅಂತ ಒಂದು ಘಟಕ ಅಂಟಿಸುವುದು ದಂಡ, ಅದು ಪರೀಕ್ಷೆಗೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಬದಲಿಗೆ ಅಸೈನ್‌ಮೆಂಟಿನ ದತ್ತಾಂಶವನ್ನು ಸಡಿಲ ಬಿಡಿ. 'ಎರಡು ದೇಶಗಳ ಪಿಂಚಣಿ ವ್ಯವಸ್ಥೆ ಹೋಲಿಸಿ, ಒಂದು ಈ ದೇಶದ್ದಾಗಿರಲಿ, ಇನ್ನೊಂದು ನಿಮ್ಮ ಆಯ್ಕೆ.' ಆದರೆ ತರಗತಿಯ ನಡುವೆ ಒಬ್ಬ ಹುಡುಗನತ್ತ ತಿರುಗಿ 'ನಿಮ್ಮ ದೇಶದವರು ಇದಕ್ಕೆ ಏನಂತಾರೆ?' ಅಂತ ಕೇಳಬೇಡಿ. ಅವನು ರಾಯಭಾರಿಯಲ್ಲ.

ಮಾರ್ಕ್ಸ್ ಅಂದರೆ ಏನು ಅನ್ನುವುದನ್ನೂ ವಿವರಿಸಬೇಕು ಅಂದರೆ ನಂಬುವುದಿಲ್ಲ ನೀವು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ 70 ದಾಟಿದರೆ ಪ್ರಥಮ ದರ್ಜೆ, 90 ಕಾಣುವುದೇ ಅಪರೂಪ. ನೂರಕ್ಕೆ 92 ತೆಗೆದು ಅಭ್ಯಾಸವಾದವರಿಗೆ ಅಲ್ಲಿ 66 ಬಂದರೆ ಬದುಕೇ ಮುಗಿದಂತೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 5.0 ಅನುತ್ತೀರ್ಣ. ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದರೆ 6 ಅತ್ಯುತ್ತಮ, 4 ಪಾಸು. ಫ್ರಾನ್ಸಿನಲ್ಲಿ ಲೆಕ್ಕ 20ಕ್ಕೆ. ಮೊದಲ ಫಲಿತಾಂಶ ಕೊಡುವ ಮುಂಚೆ ಐದು ನಿಮಿಷ ತೆಗೆದುಕೊಂಡು, ಯಾವ ಅಂಕ ಇಲ್ಲಿ ಒಳ್ಳೆಯದು, ಯಾವುದು ಸಾಧಾರಣ, ಎಲ್ಲಿ ಎಚ್ಚರವಾಗಬೇಕು ಅಂತ ಹೇಳಿ.

ಉತ್ತರ ಪತ್ರಿಕೆಯ ಅಂಚಿನಲ್ಲಿ ನೀವು ಬರೆಯುವ ಟಿಪ್ಪಣಿಗಳೂ ಅಷ್ಟೇ. 'ಈ ಭಾಗವನ್ನು ಇನ್ನಷ್ಟು ಬೆಳೆಸಬಹುದಿತ್ತು' ಅಂತ ಬರೆಯುತ್ತೀರಿ. ನಿಮ್ಮ ಮನಸ್ಸಿನಲ್ಲಿರುವುದು 'ಇದಿಲ್ಲದ್ದಕ್ಕೆ ಹತ್ತು ಮಾರ್ಕ್ಸ್ ಕಳೆದಿದ್ದೇನೆ' ಅಂತ. ಓದಿದವರು 'ಬೇಕಿದ್ದರೆ ಮಾಡಬಹುದಿತ್ತು, ಮಾಡದಿದ್ದರೂ ನಡೆಯುತ್ತದೆ' ಅಂದುಕೊಳ್ಳುತ್ತಾರೆ. 'ನೋಡೋಣ' ಅಂದರೆ 'ಆಗಲ್ಲ' ಅಂತ ತಿಳಿಯುವುದಕ್ಕೆ ಆ ಭಾಷೆಯೊಳಗೇ ಹುಟ್ಟಿರಬೇಕು, ಅಲ್ಲವೇ? ಟಿಪ್ಪಣಿಯಲ್ಲಿ ಮೂರು ತುಣುಕಿರಲಿ: ಏನು ಇಲ್ಲ, ಅದರಿಂದ ಏನು ಹೋಯಿತು, ಮುಂದಿನ ಸಲ ಮಾಡಬೇಕಾದ ಒಂದು ಕೆಲಸ. 'ಆಫೀಸ್ ಅವರ್ಸ್' ಅನ್ನುವ ಫಲಕವನ್ನೂ ಬದಲಿಸಿ. ಅದು ಮೇಷ್ಟ್ರು ತಮ್ಮ ಕೆಲಸ ಮಾಡಿಕೊಳ್ಳುವ ಹೊತ್ತು, ತೊಂದರೆ ಕೊಡಬಾರದು ಅಂತ ಓದಿಕೊಂಡು ಬಾಗಿಲ ತನಕ ಬಂದು ಹಿಂದಿರುಗುವವರಿದ್ದಾರೆ. 'ವಿದ್ಯಾರ್ಥಿಗಳು ಬಂದು ಪ್ರಶ್ನೆ ಕೇಳುವ ಸಮಯ' ಅಂತಲೇ ಬರೆಯಿರಿ.

ಕೃತಿಚೌರ್ಯದ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಇಲ್ಲಿ ಎಡವಿದರೆ ಡಿಗ್ರಿಯೇ ಹೋಗಬಹುದು. ಮೂಲದ ವಾಕ್ಯ ಇಟ್ಟುಕೊಂಡು ನಡುನಡುವೆ ಸಮಾನಾರ್ಥಕ ಪದ ತೂರಿಸಿ ಬರೆಯುವುದನ್ನು ಬರವಣಿಗೆ ಬೋಧನೆಯ ಸಂಶೋಧಕಿ ರೆಬೆಕ್ಕಾ ಮೂರ್ ಹೊವರ್ಡ್ 1990ರ ದಶಕದಲ್ಲಿ ತೇಪೆ ಬರವಣಿಗೆ ಅನ್ನುವ ಅರ್ಥದ ಹೆಸರಿಟ್ಟು ಚರ್ಚಿಸಿದರು. ಕದಿಯುವ ಉದ್ದೇಶಕ್ಕಿಂತ ಆ ವಿಷಯದ ಭಾಷೆ ಇನ್ನೂ ಕೈಗೆ ಬಾರದಿರುವುದೇ ಅದಕ್ಕೆ ಕಾರಣ ಅನ್ನುವುದು ಅವರ ವಾದ. ನಿಯಮಾವಳಿಗೆ ಸಹಿ ಹಾಕಿಸಿಕೊಂಡರೆ ಇದು ನಿಲ್ಲುವುದಿಲ್ಲ, ಮಾಡಿಸಿಯೇ ಕಲಿಸಬೇಕು. ಎರಡನೇ ವಾರದಲ್ಲಿ 150 ಪದದ ಒಂದು ಮೂಲ ಭಾಗ ಕೊಡಿ. ಓದಿ, ಕಾಗದ ಮಗುಚಿ ಇಟ್ಟು, ನೆನಪಿನಿಂದ ಮೂರು ವಾಕ್ಯ ಬರೆಯಲಿ. ಆಮೇಲೆ ತೆರೆದು, ಸತತ ನಾಲ್ಕು ಪದ ಹೊಂದಿದಲ್ಲೆಲ್ಲ ಗೆರೆ ಎಳೆದು, ಅದು ಬದಲಿಸಲಾಗದ ಪಾರಿಭಾಷಿಕ ಪದವೋ ಸುಮ್ಮನೆ ಉಳಿದದ್ದೋ ಅಂತ ನಿರ್ಧರಿಸಲಿ. ಆಕರ ಸೇರಿಸಲಿ. ನಾಲ್ಕನೇ ವಾರದಲ್ಲಿ ಮಾರ್ಕ್ಸ್ ಇಲ್ಲದ 300 ಪದದ ಕರಡು. ಮೊದಲ ದಂಡದ ಕ್ರಮ ಇದೆಲ್ಲ ಆದ ಮೇಲೆ ಮಾತ್ರ.

ಹೋಲಿಕೆ ತೋರಿಸುವ ಸಾಫ್ಟ್‌ವೇರಿನ ಶೇಕಡಾ ಸಂಖ್ಯೆಯನ್ನು ತೀರ್ಪು ಅಂತ ಓದಬೇಡಿ. ಆಕರಪಟ್ಟಿ, ಉದ್ಧರಣೆ, ಪ್ರಶ್ನೆಯ ಪಠ್ಯ ಎಲ್ಲವೂ ಅದರೊಳಗೆ ಸೇರಿಕೊಂಡಿರಬಹುದು. ಎಐ ಬರೆದದ್ದೆಂದು ಹೇಳುವ ಪತ್ತೆದಾರಿ ತಂತ್ರಾಂಶಗಳ ಬಗ್ಗೆ ಇನ್ನೂ ಎಚ್ಚರ ಬೇಕು. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಂಥ ಏಳು ತಂತ್ರಾಂಶಗಳಿಗೆ ಮನುಷ್ಯರೇ ಬರೆದ 91 ಟೋಫೆಲ್ (ಇಂಗ್ಲಿಷ್ ಮಾತೃಭಾಷೆಯಲ್ಲದವರ ಭಾಷಾ ಪರೀಕ್ಷೆ) ಪ್ರಬಂಧಗಳನ್ನು ಕೊಟ್ಟಾಗ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಯಂತ್ರದ ಬರಹ ಅಂದವು. ಕಾರಣ ಸರಳ: ಮುಂದಿನ ಪದ ಊಹಿಸುವಂತಿದ್ದಷ್ಟೂ ಅವು ಯಂತ್ರದ್ದು ಅನ್ನುತ್ತವೆ, ಕಡಿಮೆ ಪದಸಂಪತ್ತಿನಲ್ಲಿ ಎಚ್ಚರಿಕೆಯಿಂದ ಬರೆಯುವವರ ಬರಹ ಹಾಗೆಯೇ ಇರುತ್ತದೆ. ಸಂಶಯ ಬಂದರೆ ಹತ್ತು ನಿಮಿಷ ಕೂರಿಸಿಕೊಂಡು ಅವರ ಕರಡು, ಟಿಪ್ಪಣಿ ತೋರಿಸಲು ಹೇಳಿ ಮಾತಾಡಿಸಿ.

ಗುಂಪು ಕೆಲಸವನ್ನು ಅವರವರ ಆಯ್ಕೆಗೆ ಬಿಟ್ಟರೆ ಪರಿಚಿತರೆಲ್ಲ ಒಂದಾಗಿ, ಹೊರಗಿನವರು ಕೊನೆಗೆ ಉಳಿದವರ ಗುಂಪಾಗುತ್ತಾರೆ. ನೀವೇ ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಪಾತ್ರ ಹಂಚಿ, ಪಾತ್ರಗಳು ಪ್ರತಿ ಸಲ ಬದಲಾಗಲಿ. ಇಲ್ಲದಿದ್ದರೆ ಬರೆಯುವ ಕೆಲಸ ಭಾಷೆ ಬಲ್ಲವರಿಗೆ, ಸ್ಲೈಡಿಗೆ ಬಣ್ಣ ಹಚ್ಚುವ ಕೆಲಸ ಹೊರದೇಶದವರಿಗೆ ಅಂತ ನಿಂತುಬಿಡುತ್ತದೆ. ಅಂಕದ ಒಂದು ಪಾಲಾದರೂ ವೈಯಕ್ತಿಕವಾಗಿರಲಿ.

ಕೊನೆಗೆ ಪರೀಕ್ಷೆ. ಭಾಷೆಯ ಅಂಕವನ್ನು ರೂಬ್ರಿಕ್‌ನಲ್ಲಿ (ಯಾವುದಕ್ಕೆ ಎಷ್ಟು ಅಂಕ ಅಂತ ಬರೆದಿಡುವ ಪಟ್ಟಿಯಲ್ಲಿ) ಬೇರೆ ಸಾಲಾಗಿ ಇಡಿ, ಎಷ್ಟು ಅಂತ ನಿಗದಿ ಮಾಡಿ. ಬೇರೆ ಸಾಲಿಲ್ಲದಿದ್ದರೆ ವ್ಯಾಕರಣದ ಸಿಟ್ಟು ವಾದದ ಸಾಲಿಗೂ ವಿಶ್ಲೇಷಣೆಯ ಸಾಲಿಗೂ ಹರಡಿ ಒಂದೇ ತಪ್ಪಿಗೆ ಮೂರು ಸಲ ಕಡಿತವಾಗುತ್ತದೆ. ಪ್ರಶ್ನೆಯೊಂದಕ್ಕೆ ಒಂದೇ ಕ್ರಿಯಾಪದ ಇರಲಿ, 'ಚರ್ಚಿಸಿ', 'ಮೌಲ್ಯಮಾಪನ ಮಾಡಿ' ಅಂದರೆ ಏನು ನಿರೀಕ್ಷೆ ಅಂತ ಸೆಮಿಸ್ಟರ್‌ನ ಆರಂಭದಲ್ಲೇ ಮಾದರಿ ಉತ್ತರದೊಂದಿಗೆ ತೋರಿಸಿ. 'ಈ ಕೆಳಗಿನವುಗಳಲ್ಲಿ ಯಾವುದು ಅನ್ವಯಿಸುವುದಿಲ್ಲ ಎನ್ನಲಾಗದು?' ಎಂಬಂಥ ಎರಡು ನಿಷೇಧದ ವಾಕ್ಯ ಅಳೆಯುವುದು ತಾಳ್ಮೆಯನ್ನು. ಹೆಚ್ಚುವರಿ ಸಮಯ ಕೊಡುವುದೋ ಬೇಡವೋ ಅಂತ ಪ್ರತಿ ಸಲ ಜಗಳವಾಗುತ್ತದೆ. ವೇಗ ಕಲಿಕೆಯ ಗುರಿಯಲ್ಲಿ ಇಲ್ಲದಿದ್ದರೆ ಒಂದೂವರೆ ಗಂಟೆಯ ಪ್ರಶ್ನೆಪತ್ರಿಕೆಗೆ ಎಲ್ಲರಿಗೂ ಎರಡು ಗಂಟೆ ಕೊಟ್ಟುಬಿಡಿ, ಜಗಳವೇ ಇರುವುದಿಲ್ಲ. ಫಲಿತಾಂಶ ಬಂದ ಮೇಲೆ ಒಟ್ಟು ಅಂಕ ನೋಡಿ ಸುಮ್ಮನಾಗಬೇಡಿ, ಪ್ರಶ್ನೆವಾರು ನೋಡಿ. ಒಟ್ಟು ಅಂಕ ಹೆಚ್ಚುಕಡಿಮೆ ಸಮ ಇರುವ ಇಬ್ಬರಲ್ಲಿ ಹೊರದೇಶದವರು ಮಾತ್ರ ಮತ್ತೆ ಮತ್ತೆ ಒಂದೇ ಪ್ರಶ್ನೆಯಲ್ಲಿ ಬೀಳುತ್ತಿದ್ದರೆ, ತೊಡಕು ಹೆಚ್ಚಾಗಿ ಆ ಪ್ರಶ್ನೆಯ ಮಾತುಗಳಲ್ಲೇ ಇರುತ್ತದೆ.

ಇಷ್ಟೆಲ್ಲ ಒಂದೇ ವರ್ಷದಲ್ಲಿ ಆಗುವ ಕೆಲಸವಲ್ಲ. ಎಲ್ಲಿಂದ ಶುರು ಅಂದರೆ, ಹೋದ ವರ್ಷದ ಒಂದು ಪ್ರಶ್ನೆಪತ್ರಿಕೆಯಿಂದ. ಅದನ್ನು ಬೇರೆ ವಿಭಾಗದ ಅಧ್ಯಾಪಕರೊಬ್ಬರ ಕೈಗೆ ಕೊಡಿ, ಜೊತೆಗೆ ನಿಮ್ಮ ಸಿಲಬಸ್. ಪ್ರಶ್ನೆ ಅರ್ಥವಾಗಲು ಬೇಕಾದ, ಆದರೆ ಸಿಲಬಸ್‌ನಲ್ಲಿ ಇಲ್ಲದ ಪ್ರತಿಯೊಂದು ಸಂಗತಿಯ ಕೆಳಗೆ ಅವರು ಕೆಂಪು ಗೆರೆ ಎಳೆಯಲಿ. ಮುಕ್ಕಾಲು ಗಂಟೆ ಸಾಕು. ಗೆರೆ ಬಿದ್ದ ಕಡೆಯೆಲ್ಲ ನಿಮಗೆ ಇರುವ ದಾರಿ ಮೂರು: ತರಗತಿಯಲ್ಲಿ ಕಲಿಸಿ, ಪ್ರಶ್ನೆಯಲ್ಲೇ ಹೇಳಿ, ಅಥವಾ ತೆಗೆದುಹಾಕಿ.